ವಿಶ್ವವಿದ್ಯಾಲಯದ ವಿಭಾಗ ಮತ್ತು ಸುತ್ತಲಿನ ಸಮಾಜ: ಸಂಬಂಧ ಕಟ್ಟುವ ಕ್ರಮ

ಯಾವ ವಿಭಾಗದ ಬೀರುವನ್ನು ತೆರೆದರೂ ಸುತ್ತಲಿನ ಜನರಿಂದ ಬಂದದ್ದು ಏನಾದರೊಂದು ಕೈಗೆ ಸಿಕ್ಕೇ ಸಿಗುತ್ತದೆ. ಸಮಾಜಶಾಸ್ತ್ರ ವಿಭಾಗದಲ್ಲಿ ಭರ್ತಿ ಮಾಡಿದ ಸಮೀಕ್ಷಾ ನಮೂನೆಗಳ ಕಟ್ಟುಗಳಿರುತ್ತವೆ. ಭಾಷಾ ವಿಭಾಗದಲ್ಲಿ ಹಾಡು, ಕಥೆಗಳ ಧ್ವನಿಮುದ್ರಣಗಳು. ಸಸ್ಯಶಾಸ್ತ್ರದಲ್ಲಿ ಒಣಗಿಸಿಟ್ಟ ಗಿಡಗಳೂ ಅವುಗಳ ಬಳಕೆಯನ್ನು ವಿವರಿಸಿದವರ ಹೇಳಿಕೆಗಳೂ. ಭೂವಿಜ್ಞಾನದಲ್ಲಿ ಯಾರದೋ ಬಾವಿಯ ನೀರಿನ ಮಟ್ಟದ ದಾಖಲೆ. ಇವುಗಳಿಂದ ಪ್ರಬಂಧಗಳಾಗಿವೆ, ಪದವಿಗಳು ದೊರೆತಿವೆ, ಬಡ್ತಿಗಳೂ ಸಿಕ್ಕಿವೆ. ಕೊಟ್ಟವರ ಬಳಿಗೆ ಏನು ಮರಳಿತು ಎಂದು ಕೇಳಿದರೆ ಮಾತ್ರ ಎಷ್ಟೋ ವಿಭಾಗಗಳಲ್ಲಿ ಉತ್ತರ ಹೇಳುವವರಿರುವುದಿಲ್ಲ. ಆದ್ದರಿಂದ ಸುತ್ತಲಿನ ಪ್ರದೇಶದೊಂದಿಗೆ ಸಂಬಂಧ ಬೆಳೆಸಲು ಹೊರಟ ವಿಭಾಗವು ಹೊಸ ಯೋಜನೆಯೊಂದನ್ನು ಘೋಷಿಸುವುದಕ್ಕಿಂತ ಮೊದಲು, ತಾನು ಈಗಾಗಲೇ ಪಡೆದಿರುವುದರ ಲೆಕ್ಕ ತೆಗೆಯಬೇಕೆಂಬುದು ನನ್ನ ಮೊದಲ ಸಲಹೆ.

ಈ ಲೆಕ್ಕಕ್ಕೆ ದೊಡ್ಡ ಸಿದ್ಧತೆ ಬೇಕಿಲ್ಲ. ಕಳೆದ ಹತ್ತು ವರ್ಷಗಳ ಪಿಎಚ್‌.ಡಿ. ಮತ್ತು ಸ್ನಾತಕೋತ್ತರ ಪ್ರಬಂಧಗಳನ್ನೂ ಕ್ಷೇತ್ರಕಾರ್ಯದ ವರದಿಗಳನ್ನೂ ಮುಂದಿಟ್ಟುಕೊಂಡು, ಎಲ್ಲಿಂದ, ಯಾವಾಗ, ಯಾರಿಂದ ಏನು ಪಡೆದೆವು, ಪಡೆಯುವಾಗ ಯಾವ ಮಾತು ಕೊಟ್ಟೆವು, ಆ ಸಾಮಗ್ರಿ ಈಗ ಎಲ್ಲಿದೆ, ಅದರ ಫಲವನ್ನು ಯಾರಿಗೆ ತಲುಪಿಸಿದೆವು ಎಂಬಿಷ್ಟನ್ನು ಒಂದು ಪಟ್ಟಿಯಲ್ಲಿ ಬರೆದುಕೊಂಡರೆ ಸಾಕು. ಹೊರಗೆ ಕಾಲಿಡಲು ಈ ಪಟ್ಟಿಯೇ ಮೊದಲ ಕಾರಣವನ್ನು ಒದಗಿಸುತ್ತದೆ. ಪ್ರಶ್ನಾವಳಿ ಹಿಡಿದು ಅಪರಿಚಿತರಾಗಿ ಹೋಗುವವರಿಗೂ, ಇಪ್ಪತ್ತು ವರ್ಷದ ಹಿಂದಿನ ಧ್ವನಿಮುದ್ರಣದ ಪ್ರತಿಯನ್ನು ಹಾಡಿದವರ ಮಕ್ಕಳ ಕೈಗಿಡಲು ಹೋಗುವವರಿಗೂ ಸಿಗುವ ಸ್ವಾಗತ ಬೇರೆ ಬೇರೆ. ಒಂದು ಎಚ್ಚರಿಕೆ ಇರಬೇಕು: ಒಬ್ಬೊಬ್ಬರು ಗುಟ್ಟಾಗಿ ಹೇಳಿದ ಆದಾಯ, ಕಾಯಿಲೆ, ಕುಟುಂಬ ಕಲಹದಂಥ ವಿವರಗಳಿರುವ ನಮೂನೆಗಳನ್ನು ಸಾರ್ವಜನಿಕವಾಗಿ ಮರಳಿಸುವಂತಿಲ್ಲ. ಅಲ್ಲಿ ಒಟ್ಟಾರೆ ಕಂಡುಬಂದದ್ದನ್ನು ಮಾತ್ರ ತಿಳಿಸಬೇಕು.

ವಿಶ್ವವಿದ್ಯಾಲಯ ಸಮಾಜಕ್ಕೆ ಒದಗಬೇಕೆಂಬ ವಿಚಾರ ಹೊಸದಲ್ಲ. ಅಮೆರಿಕದಲ್ಲಿ 1862ರ ಮೋರಿಲ್ ಕಾಯ್ದೆ ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳಿಗೆ ಭೂಮಿ ಒದಗಿಸಿತು. 1914ರ ಸ್ಮಿತ್–ಲೀವರ್ ಕಾಯ್ದೆ ಆ ವಿದ್ಯೆಯನ್ನು ಹೊಲದವರೆಗೆ ಒಯ್ಯುವ ವಿಸ್ತರಣಾ ಸೇವೆಯನ್ನು ಕಟ್ಟಿತು. ಅರ್ಜೆಂಟೀನಾದ ಕಾರ್ಡೊಬಾದಲ್ಲಿ 1918ರಲ್ಲಿ ನಡೆದ ವಿದ್ಯಾರ್ಥಿ ಚಳವಳಿಯ ಬಳಿಕ ಲ್ಯಾಟಿನ್ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬೋಧನೆ, ಸಂಶೋಧನೆಗಳ ಪಕ್ಕದಲ್ಲಿ ವಿಸ್ತರಣೆಗೆ ಮೂರನೆಯ ಸ್ಥಾನ ದೊರೆಯಿತು. ಆದರೆ ‘ವಿಸ್ತರಣೆ’ ಎಂಬ ಮಾತಿನಲ್ಲೇ ಒಂದು ಊಹೆ ಅಡಗಿದೆ: ತಿಳಿವಳಿಕೆ ಆವರಣದ ಒಳಗಿದೆ, ಅದನ್ನು ಹೊರಗೆ ಹಂಚಬೇಕು. ಈಗ ‘ತೊಡಗಿಕೊಳ್ಳುವಿಕೆ’ ಎಂದು ಕರೆಯುವ ಕ್ರಮದಲ್ಲಿ ತಿಳಿವಳಿಕೆ ಎರಡೂ ಕಡೆ ಇದೆ. ಅಮೆರಿಕದ ಶಿಕ್ಷಣ ಸಂಸ್ಥೆಯಾದ ಕಾರ್ನೆಗಿ ಪ್ರತಿಷ್ಠಾನ 2006ರಿಂದ ವಿಶ್ವವಿದ್ಯಾಲಯಗಳಿಗೆ ನೀಡುತ್ತಿರುವ ಸಮುದಾಯ ತೊಡಗಿಕೊಳ್ಳುವಿಕೆಯ ಮಾನ್ಯತೆ ಕೇಳುವುದೂ ಪರಸ್ಪರ ಲಾಭವನ್ನು, ಕೊಟ್ಟು ಕೊಳ್ಳುವ ಸಂಬಂಧವನ್ನು. ವಿದ್ಯಾರ್ಥಿಗಳು ಶಿಬಿರಕ್ಕೆ ಹೋಗಿ ಸಸಿ ನೆಟ್ಟು ಬರುವುದು ಒಳ್ಳೆಯ ಕೆಲಸವೇ. ಆದರೆ ಅದನ್ನು ಯಾವ ವಿಭಾಗದವರೂ ಮಾಡಬಹುದು. ವಿಭಾಗದ ಶಾಸ್ತ್ರಜ್ಞಾನ ಅಲ್ಲಿ ತೊಡಗದಿದ್ದರೆ ಅದು ವಿಭಾಗದ ಕೆಲಸವಾಗುವುದಿಲ್ಲ.

ಪ್ರದೇಶವನ್ನು ಗುರುತಿಸುವುದು

ಆಡಳಿತದ ಗಡಿಯನ್ನೇ ವಿಭಾಗದ ಪ್ರದೇಶವೆಂದು ಒಪ್ಪಿಕೊಳ್ಳಬೇಕಾಗಿಲ್ಲ. ಜಲವಿಜ್ಞಾನಕ್ಕೆ ನದಿಯ ಜಲಾನಯನ ಪ್ರದೇಶವೇ ಸಹಜ ಗಡಿ. ಭಾಷಾಶಾಸ್ತ್ರಕ್ಕೆ ಉಪಭಾಷೆಯೊಂದು ಆಡಲ್ಪಡುವ ಸೀಮೆ. ಅರ್ಥಶಾಸ್ತ್ರಕ್ಕೆ ದುಡಿಮೆಗಾಗಿ ಜನ ದಿನನಿತ್ಯ ಓಡಾಡುವ ದೂರ. ವೈದ್ಯಕೀಯ ವಿಭಾಗಕ್ಕೆ ರೋಗಿಗಳು ಬರುವ ದಾರಿ. ಪ್ರತಿಯೊಂದು ವಿಭಾಗವೂ ತನ್ನ ಶಾಸ್ತ್ರ ಕೇಳುವ ನಕ್ಷೆಯನ್ನು ಬರೆದುಕೊಂಡು, ಅದರಲ್ಲಿ ಒಬ್ಬ ಅಧ್ಯಾಪಕ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಎರಡು ಅಥವಾ ಮೂರು ಸ್ಥಳಗಳನ್ನು ಮಾತ್ರ ಆರಿಸಿಕೊಳ್ಳಲಿ. ಹತ್ತಾರು ಸ್ಥಳಗಳನ್ನು ಹಂಚಿಕೊಂಡ ವಿಭಾಗ ಎಲ್ಲಿಯೂ ನೆಲೆ ಊರುವುದಿಲ್ಲ.

ಪ್ರಶ್ನೆ ಯಾರದು

ಇಡೀ ಕೆಲಸದಲ್ಲಿ ಅತ್ಯಂತ ಹೆಚ್ಚು ಸಮಯ ಸಲ್ಲಬೇಕಾದ ಹಂತ ಇದು, ಅತ್ಯಂತ ಕಡಿಮೆ ಸಮಯ ಸಿಗುವುದೂ ಇದಕ್ಕೇ. ಅನುದಾನದ ಅರ್ಜಿಯ ಗಡುವು ಹತ್ತಿರ ಬಂದಾಗ ಪ್ರಶ್ನೆಯನ್ನು ವಿಭಾಗವೇ ರೂಪಿಸಿ, ಜನರ ಒಪ್ಪಿಗೆಯನ್ನು ಒಂದು ಸಭೆಯಲ್ಲಿ ಪಡೆದುಕೊಂಡು ಮುಗಿಸುವುದು ರೂಢಿ. ಅಮೆರಿಕದ ನೀತಿ ವಿಶ್ಲೇಷಕಿ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದಾಗ, ಮಾಹಿತಿ ಕೊಡುವುದು ಮೂರನೆಯ ಮೆಟ್ಟಿಲಲ್ಲೂ ಅಭಿಪ್ರಾಯ ಕೇಳುವುದು ನಾಲ್ಕನೆಯದರಲ್ಲೂ ಇದ್ದವು. ಎರಡನ್ನೂ ಅವರು ತೋರಿಕೆಯ ಪಾಲ್ಗೊಳ್ಳುವಿಕೆಯ ಸಾಲಿಗೆ ಸೇರಿಸಿದರು. ಸಹಭಾಗಿತ್ವ ಆರಂಭವಾಗುವುದು ಆರನೆಯ ಮೆಟ್ಟಿಲಲ್ಲಿ. ಅಭಿಪ್ರಾಯ ಕೇಳಿದ ಮೇಲೆ ಯೋಜನೆಯಲ್ಲಿ ಏನಾದರೂ ಬದಲಾಯಿತೇ ಎಂದು ವಿಭಾಗ ತನ್ನನ್ನು ತಾನು ಕೇಳಿಕೊಂಡರೆ ತಾನು ಯಾವ ಮೆಟ್ಟಿಲಲ್ಲಿ ನಿಂತಿದ್ದೇನೆಂದು ತಿಳಿಯುತ್ತದೆ.

ಪ್ರಶ್ನೆ ಹೊರಗಿನಿಂದ ಬಂದಾಗ ಏನಾಗಬಹುದು ಎಂಬುದಕ್ಕೆ ಅಮೆರಿಕದ ಫ್ಲಿಂಟ್ ನಗರದ ಪ್ರಸಂಗ ಸ್ಪಷ್ಟ ನಿದರ್ಶನ. 2014ರ ಏಪ್ರಿಲ್‌ನಲ್ಲಿ ಆ ನಗರದ ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಿಸಿದ ಮೇಲೆ ನಲ್ಲಿಯ ನೀರಿನ ಬಣ್ಣ, ವಾಸನೆಗಳ ಬಗ್ಗೆ ನಿವಾಸಿಗಳು ದೂರುತ್ತಲೇ ಬಂದರು. ನೀರು ಸುರಕ್ಷಿತವೆಂಬ ಉತ್ತರವೇ ಅವರಿಗೆ ಸಿಗುತ್ತಿತ್ತು. ಲೀಆ್ಯನ್ ವಾಲ್ಟರ್ಸ್ ಎಂಬ ನಿವಾಸಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಅವರನ್ನು ಸಂಪರ್ಕಿಸಿದರು. 2015ರಲ್ಲಿ ಎಡ್ವರ್ಡ್ಸ್ ಅವರ ತಂಡ ಮಾದರಿ ಸಂಗ್ರಹಿಸುವ 300 ಪೆಟ್ಟಿಗೆಗಳನ್ನು ಕಳುಹಿಸಿತು. ಅವುಗಳನ್ನು ಹಂಚಿದವರೂ ನೀರು ತುಂಬಿದವರೂ ಮರಳಿ ಒಟ್ಟುಗೂಡಿಸಿದವರೂ ನಿವಾಸಿಗಳೇ. ಇಲ್ಲಿ ಪ್ರಯೋಗಾಲಯದ ಶಾಸ್ತ್ರ ಸಡಿಲವಾಗಲಿಲ್ಲ ಎಂಬುದನ್ನು ಗಮನಿಸಬೇಕು. ಕನಿಷ್ಠ ಆರು ಗಂಟೆ ನಲ್ಲಿಯನ್ನು ಮುಟ್ಟದೆ ಬಿಟ್ಟು, ಮೊದಲ ಹರಿವಿನದು ಒಂದು ಬಾಟಲಿ, 45 ಸೆಕೆಂಡಿನ ನಂತರದ್ದು ಇನ್ನೊಂದು, ಎರಡು ನಿಮಿಷದ ನಂತರದ್ದು ಮತ್ತೊಂದು ಎಂದು ಮೂರು ಬಾಟಲಿ ತುಂಬುವ ಕ್ರಮವನ್ನು ಪ್ರತಿ ಮನೆಗೂ ವಿವರಿಸಲಾಗಿತ್ತು. ಏಕೆಂದರೆ ಕೊಳವೆಯಲ್ಲಿ ನಿಂತ ನೀರನ್ನು ಮೊದಲೇ ಹರಿಯಬಿಟ್ಟರೆ ಕೊಳವೆಯಿಂದ ನೀರಿಗೆ ಬೆರೆತ ವಿಷಕಾರಿ ಸೀಸದ ಪ್ರಮಾಣ ಕಡಿಮೆಯಾಗಿ ಕಾಣುತ್ತದೆ. ಸೀಸದ ಅಂಶ ಹೆಚ್ಚಿರುವುದು ಬಯಲಾದ ಮೇಲೆ, ಮಕ್ಕಳ ರಕ್ತದ ಪರೀಕ್ಷೆಗಳೂ ಅದನ್ನು ದೃಢಪಡಿಸಿದ ಮೇಲೆ, 2015ರ ಅಕ್ಟೋಬರ್‌ನಲ್ಲಿ ನಗರ ಹಳೆಯ ಮೂಲಕ್ಕೆ ಮರಳಿತು.

ಇಂಥ ಪ್ರಶ್ನೆ ವಿಭಾಗದ ಬಾಗಿಲಿಗೆ ಬರಬೇಕಾದರೆ ಬಾಗಿಲು ಎಲ್ಲಿದೆ ಎಂಬುದು ಹೊರಗಿನವರಿಗೆ ತಿಳಿದಿರಬೇಕು. 1970ರ ದಶಕದಲ್ಲಿ ನೆದರ್ಲೆಂಡ್ಸ್‌ನ ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿದ ‘ಸೈನ್ಸ್ ಶಾಪ್’ ಎಂಬ ಏರ್ಪಾಡು ಇದಕ್ಕೆ ಸರಳ ದಾರಿ ತೋರಿಸಿತು. ಸಂಘಗಳೂ ಗುಂಪುಗಳೂ ತಮ್ಮ ಪ್ರಶ್ನೆಯನ್ನು ತಂದಾಗ ಅಲ್ಲಿ ಮೂರು ವಿಷಯಗಳನ್ನು ನೋಡುತ್ತಿದ್ದರು: ಸಂಶೋಧನೆಗೆ ಹಣ ಕೊಡುವ ಶಕ್ತಿ ಅವರಿಗಿಲ್ಲವೇ, ವ್ಯಾಪಾರದ ಉದ್ದೇಶ ಇಲ್ಲವೇ, ಉತ್ತರ ಸಿಕ್ಕಿದರೆ ಅದನ್ನು ಬಳಸಿಕೊಳ್ಳುವ ಸ್ಥಿತಿಯಲ್ಲಿ ಇದ್ದಾರೆಯೇ. ಪ್ರತ್ಯೇಕ ಕೇಂದ್ರವನ್ನು ತೆರೆಯಲಾಗದ ವಿಭಾಗವೂ ಈ ಮೂರು ಪ್ರಶ್ನೆಗಳನ್ನು ಎರವಲು ಪಡೆಯಬಹುದು. ವಾರಕ್ಕೆ ಒಂದು ಮಧ್ಯಾಹ್ನ, ಒಬ್ಬ ಅಧ್ಯಾಪಕ, ಬಂದವರ ಮಾತನ್ನು ಅವರದೇ ನುಡಿಯಲ್ಲಿ ಬರೆದುಕೊಳ್ಳುವ ಒಂದು ಪುಸ್ತಕ, ಇಷ್ಟರಿಂದ ಆರಂಭಿಸಲು ಸಾಧ್ಯ.

ಆದರೆ ಬಾಗಿಲಿಗೆ ಬರುವವರು ಸಾಮಾನ್ಯವಾಗಿ ಈಗಾಗಲೇ ದನಿ ಉಳ್ಳವರು. ಆದ್ದರಿಂದ ಹೋಗಿ ಕೇಳುವ ಕೆಲಸವೂ ಜೊತೆಗೆ ನಡೆಯಬೇಕು. ಸಭೆಯನ್ನು ಆವರಣದೊಳಗೆ ಕರೆಯಬೇಡಿ. ಜನರು ತಾವಾಗಿ ಸೇರುವ ಜಾಗಕ್ಕೆ, ಅವರ ದುಡಿಮೆ ಮುಗಿದ ಹೊತ್ತಿಗೆ ಹೋಗಿ. ಮೊದಲ ಭೇಟಿಯಲ್ಲಿ ಮಾತನಾಡುವವರು ಮುಖಂಡರೇ ಆಗಿರುತ್ತಾರೆ. ಹೆಂಗಸರು, ಭೂಮಿಯಿಲ್ಲದವರು, ಹೊಸದಾಗಿ ವಲಸೆ ಬಂದವರು, ಹದಿಹರೆಯದವರು ಏನೆನ್ನುತ್ತಾರೆಂದು ತಿಳಿಯಲು ಅವರವರ ಗುಂಪಿನಲ್ಲಿ ಬೇರೆಯಾಗಿ ಕುಳಿತು ಕೇಳಬೇಕಾಗುತ್ತದೆ. ‘ನಿಮ್ಮ ಸಮಸ್ಯೆಗಳೇನು’ ಎಂದು ಕೇಳಿದರೆ ಹಿಂದೆ ಬಂದುಹೋದ ಅಧಿಕಾರಿಗಳಿಗೆ ಹೇಳಿದ ಪಟ್ಟಿಯೇ ಮತ್ತೆ ಬರುತ್ತದೆ. ‘ಈ ತೊಂದರೆಗೆ ನೀವೇ ಈವರೆಗೆ ಏನು ಮಾಡಿ ನೋಡಿದ್ದೀರಿ, ಅದು ಎಲ್ಲಿ ಕೈಕೊಟ್ಟಿತು’ ಎಂದು ಕೇಳಿದರೆ ಅವರ ಅನುಭವದ ಜ್ಞಾನವೂ ಸಂಶೋಧನೆ ಬೇಕಿರುವ ಜಾಗವೂ ಒಟ್ಟಿಗೆ ಕಾಣಿಸುತ್ತವೆ.

ಕೇಳಿದ ಮಾತನ್ನು ಅಧ್ಯಯನದ ಪ್ರಶ್ನೆಯಾಗಿ ತಿರುಗಿಸುವಾಗ ವಿಭಾಗದ ನಿಜವಾದ ಪರಿಣತಿ ಬೇಕಾಗುತ್ತದೆ. ‘ಮಕ್ಕಳು ಶಾಲೆ ಬಿಡುತ್ತಿದ್ದಾರೆ’ ಎಂಬ ಮಾತಿನೊಳಗೆ ಸಾರಿಗೆಯ ಪ್ರಶ್ನೆ ಇರಬಹುದು, ಮನೆಮಾತಿಗೂ ಪಠ್ಯದ ಭಾಷೆಗೂ ಇರುವ ಅಂತರದ ಪ್ರಶ್ನೆ ಇರಬಹುದು, ಋತುಮಾನದ ಕೂಲಿಯ ಪ್ರಶ್ನೆಯೂ ಇರಬಹುದು. ಇವುಗಳಲ್ಲಿ ತನ್ನ ಶಾಸ್ತ್ರದಿಂದ ಉತ್ತರಿಸಬಹುದಾದುದು ಯಾವುದು, ಬೇರೆ ವಿಭಾಗಕ್ಕೆ ಒಪ್ಪಿಸಬೇಕಾದುದು ಯಾವುದು, ಸಂಶೋಧನೆಯೇ ಬೇಡದೆ ಒಂದು ಅರ್ಜಿಯಿಂದ ಬಗೆಹರಿಯುವುದು ಯಾವುದು ಎಂದು ಬಿಡಿಸಿ ಹೇಳಬೇಕು. ಆಗದ ಕೆಲಸವನ್ನು ಆಗದೆಂದು ಆರಂಭದಲ್ಲೇ ಹೇಳುವುದು ಗೌರವದ ನಡೆ. ಬರೆದ ಪ್ರಶ್ನೆಯನ್ನು ಮತ್ತೆ ಅವರ ಮುಂದೆ ಓದಿ, ‘ನೀವು ಹೇಳಿದ್ದು ಇದೇ ತಾನೆ’ ಎಂದು ಕೇಳುವವರೆಗೆ ಯೋಜನೆಯನ್ನು ಬರೆಯಲು ಕೂರಬಾರದು.

ಒಪ್ಪಿಗೆ ಮತ್ತು ಒಡಂಬಡಿಕೆ

ಅಮೆರಿಕದ ಅರಿಜೋನಾದಲ್ಲಿ ಹವಸುಪಾಯಿ ಬುಡಕಟ್ಟಿನವರು 1990ರ ದಶಕದ ಆರಂಭದಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ರಕ್ತದ ಮಾದರಿ ಕೊಟ್ಟರು. ತಮ್ಮಲ್ಲಿ ವ್ಯಾಪಕವಾಗಿದ್ದ ಮಧುಮೇಹಕ್ಕೆ ಕಾರಣ ಸಿಕ್ಕೀತೆಂಬುದು ಅವರ ನಂಬಿಕೆಯಾಗಿತ್ತು. ಅದೇ ಮಾದರಿಗಳನ್ನು ಸ್ಕಿಜೋಫ್ರೇನಿಯಾ ಎಂಬ ಮನೋರೋಗ, ಜನಾಂಗದ ವಲಸೆಯ ಇತಿಹಾಸ ಮುಂತಾದ ವಿಷಯಗಳ ಅಧ್ಯಯನಕ್ಕೂ ಬಳಸಿದ್ದು, 2003ರಲ್ಲಿ ಬುಡಕಟ್ಟಿನ ಸದಸ್ಯೆಯೊಬ್ಬರು ಡಾಕ್ಟರೇಟ್ ಪ್ರಬಂಧವೊಂದರ ಮಂಡನೆಗೆ ಹಾಜರಾದಾಗ ಬೆಳಕಿಗೆ ಬಂತು. 2010ರಲ್ಲಿ ವಿಶ್ವವಿದ್ಯಾಲಯವು 41 ಮಂದಿಗೆ ಒಟ್ಟು 7 ಲಕ್ಷ ಡಾಲರ್ ಕೊಟ್ಟು, ಉಳಿದ ಮಾದರಿಗಳನ್ನು ಮರಳಿಸಿ ವ್ಯಾಜ್ಯವನ್ನು ಮುಗಿಸಿತು. ಒಪ್ಪಿಗೆ ಪತ್ರದಲ್ಲಿದ್ದ ಮಾತು ವಿಶಾಲವಾಗಿತ್ತು, ಜನರಿಗೆ ಅರ್ಥವಾಗಿದ್ದ ಉದ್ದೇಶ ಕಿರಿದಾಗಿತ್ತು. ಆ ಎರಡರ ನಡುವಿನ ಅಂತರವೇ ಮೋಸ ಹೋದ ಭಾವನೆಗೆ ಕಾರಣ. ದಕ್ಷಿಣ ಆಫ್ರಿಕಾದ ಮೂಲನಿವಾಸಿಗಳಾದ ಸಾನ್ ಜನರು 2017ರಲ್ಲಿ ತಾವೇ ಸಂಶೋಧಕರಿಗಾಗಿ ನೀತಿಸಂಹಿತೆಯೊಂದನ್ನು ಹೊರಡಿಸಿ, ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಇವುಗಳ ಜೊತೆಗೆ ಸರಿಯಾದ ಪ್ರಕ್ರಿಯೆಯನ್ನೂ ಕೇಳಿದ್ದು ಇಂಥ ಅನುಭವಗಳ ಹಿನ್ನೆಲೆಯಲ್ಲಿಯೇ.

ಹಾಗಾಗಿ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ನಮೂನೆ ಅಗತ್ಯವಾದರೂ ಅದೊಂದೇ ಸಾಲದು. ಸ್ಥಳೀಯರ ಭಾಷೆಯಲ್ಲಿ, ಎರಡು ಪುಟ ಮೀರದಂತೆ ಒಂದು ಒಡಂಬಡಿಕೆ ಬರೆಯಿರಿ. ಯಾವ ಪ್ರಶ್ನೆಗಾಗಿ ಏನನ್ನು ಸಂಗ್ರಹಿಸುತ್ತೇವೆ, ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಮತ್ತೆ ಯಾರನ್ನು ಕೇಳುತ್ತೇವೆ, ಸಾಮಗ್ರಿಯ ಒಡೆತನ ಯಾರದು, ಯಾವ ಹೆಸರುಗಳು ಅಚ್ಚಾಗುತ್ತವೆ, ಯಾವುದನ್ನು ಅಚ್ಚುಮಾಡಬಾರದು, ಫಲಿತಾಂಶವನ್ನು ಯಾವ ತಿಂಗಳಲ್ಲಿ ಯಾವ ರೂಪದಲ್ಲಿ ತರುತ್ತೇವೆ, ಮಧ್ಯದಲ್ಲಿ ಅವರು ಹಿಂದೆ ಸರಿದರೆ ಏನಾಗುತ್ತದೆ ಎಂಬುದು ಅದರಲ್ಲಿರಲಿ. ಓದಲು ಬಾರದವರ ಮುಂದೆ ಅದನ್ನು ಗಟ್ಟಿಯಾಗಿ ಓದಿ, ಅರ್ಥವಾದುದನ್ನು ಅವರ ಬಾಯಿಂದಲೇ ಹೇಳಿಸಿ ಕೇಳಿ. ಒಪ್ಪಿಗೆ ಕೇಳುವವರು ಅದೇ ಜನರ ಶಿಕ್ಷಕರೋ ವೈದ್ಯರೋ ಆಗಿರಬಾರದು. ಬೇಡವೆನ್ನುವುದು ಕಷ್ಟವಾಗಿರುವ ಕಡೆ ಹೌದೆಂಬ ಮಾತಿಗೆ ಬೆಲೆಯಿಲ್ಲ.

ಪಠ್ಯಕ್ರಮದ ಒಳಗೆ ತರುವುದು

ಬ್ರೆಜಿಲ್‌ನ 1988ರ ಸಂವಿಧಾನ ಬೋಧನೆ, ಸಂಶೋಧನೆ, ವಿಸ್ತರಣೆಗಳನ್ನು ಬಿಡಿಸಲಾಗದವು ಎಂದು ಸಾರಿತು. 2018ರಲ್ಲಿ ಹೊರಬಿದ್ದ ನಿಯಮ, ಪದವಿ ಶಿಕ್ಷಣದ ಒಟ್ಟು ಅವಧಿಯಲ್ಲಿ ಕನಿಷ್ಠ 10 ಪ್ರತಿಶತ ವಿಸ್ತರಣೆಗೆ ಸಲ್ಲಬೇಕೆಂದು ವಿಧಿಸಿತು. ನಿಯಮದ ಒತ್ತಾಯ ಇಲ್ಲದ ಕಡೆಯೂ ಈ ದಾರಿಯೇ ಸರಿಯೆಂದು ನನ್ನ ಅಭಿಪ್ರಾಯ, ಏಕೆಂದರೆ ಪಠ್ಯಕ್ರಮದ ಹೊರಗುಳಿದ ಚಟುವಟಿಕೆ ಒಬ್ಬ ಉತ್ಸಾಹಿ ಅಧ್ಯಾಪಕರ ನಿವೃತ್ತಿಯೊಂದಿಗೆ ಮುಗಿಯುತ್ತದೆ. ಅಧ್ಯಯನ ಮಂಡಳಿಯಲ್ಲಿ ಕ್ರೆಡಿಟ್‌ಗಳೊಂದಿಗೆ ಅಂಗೀಕಾರವಾದ ಪತ್ರಿಕೆ ಉಳಿಯುತ್ತದೆ.

ಇಲ್ಲಿ ಎದುರಾಗುವ ದೊಡ್ಡ ತೊಡಕು ಕಾಲದ್ದು. ಸೆಮಿಸ್ಟರ್‌ಗೆ ನಾಲ್ಕೈದು ತಿಂಗಳು; ಹೊರಗಿನ ಬದುಕಿಗೆ ಬಿತ್ತನೆ, ಕಟಾವು, ಹಬ್ಬ, ಬರ, ಚುನಾವಣೆಗಳ ತನ್ನದೇ ಪಂಚಾಂಗ. ಪ್ರತಿ ತಂಡವೂ ಹೊಸದಾಗಿ ಬಂದು ಅದೇ ಪ್ರಶ್ನೆಗಳನ್ನು ಕೇಳಿದರೆ ಜನ ಬೇಸತ್ತು ಬಾಗಿಲು ಹಾಕುತ್ತಾರೆ. ಇದಕ್ಕೆ ಪರಿಹಾರವೆಂದರೆ ಕೆಲಸವನ್ನು ವಿಭಾಗದ ಬಹುವರ್ಷದ ಯೋಜನೆಯಾಗಿ ಇರಿಸಿಕೊಂಡು, ಪ್ರತಿ ಸೆಮಿಸ್ಟರ್‌ನ ವಿದ್ಯಾರ್ಥಿಗಳಿಗೆ ಅದರ ಒಂದು ತುಂಡನ್ನು ಮಾತ್ರ ಒಪ್ಪಿಸುವುದು. ಹಿಂದಿನ ತಂಡದ ಇಬ್ಬರು ಹೊಸ ತಂಡದ ಮೊದಲ ಭೇಟಿಗೆ ಜೊತೆಯಾಗಲಿ. ಹೊಸಬರು ಹಳೆಯ ವರದಿಗಳನ್ನು ಓದಿ ಪರೀಕ್ಷೆ ಬರೆಯುವವರೆಗೆ ಕ್ಷೇತ್ರಕ್ಕೆ ಇಳಿಯದಿರಲಿ. ಮೌಲ್ಯಮಾಪನದ ಅಂಕಗಳಲ್ಲಿ ಒಂದು ಪಾಲನ್ನು ಪಾಲುದಾರರಾದ ಸ್ಥಳೀಯರ ಅಭಿಪ್ರಾಯಕ್ಕೆ ಮೀಸಲಿಡಬಹುದು. ವಿದ್ಯಾರ್ಥಿಗಳು ಅದೇ ಪ್ರದೇಶದವರಾಗಿದ್ದರೆ ಅವರನ್ನು ಬರಿಯ ದುಭಾಷಿಗಳಂತೆ ಬಳಸದೆ, ಪ್ರಶ್ನೆ ರೂಪಿಸುವ ಕೆಲಸದಲ್ಲಿಯೇ ಮುಂದಿಡಬೇಕು. ತಮ್ಮ ಮನೆಯ ತಿಳಿವಳಿಕೆಗೂ ತರಗತಿಯಲ್ಲಿ ಸ್ಥಾನವಿದೆಯೆಂದು ಅವರು ಕಾಣುವ ಕ್ಷಣಕ್ಕಿಂತ ದೊಡ್ಡ ಪಾಠ ಯಾವ ಪತ್ರಿಕೆಯಲ್ಲೂ ಇಲ್ಲ.

ಮರಳಿಸುವುದು

ಫಲಿತಾಂಶವನ್ನು ಸಂಶೋಧನಾ ನಿಯತಕಾಲಿಕಕ್ಕೆ ಕಳುಹಿಸುವ ಮೊದಲು ಜನರ ಮುಂದಿಡಿ. ಆಗ ತಪ್ಪುಗಳು ತಿದ್ದಲ್ಪಡುತ್ತವೆ, ಅಂಕಿಗಳಿಗೆ ಕಾರಣ ಸಿಗುತ್ತದೆ, ಬಹಿರಂಗವಾಗಬಾರದ ವಿವರ ಉಳಿದಿದ್ದರೆ ತಿಳಿಯುತ್ತದೆ. ಮರಳಿಸುವ ರೂಪ ಬಳಕೆಗೆ ತಕ್ಕಂತಿರಲಿ: ನೀರಿನ ಪರೀಕ್ಷೆಯಾದರೆ ಪ್ರತಿ ಮನೆಗೆ ಅದರದೇ ಫಲಿತಾಂಶದ ಚೀಟಿ ಮತ್ತು ಏನು ಮಾಡಬೇಕೆಂಬ ಎರಡು ಸಾಲು, ಮಣ್ಣಿನದಾದರೆ ಹೊಲವಾರು ಪಟ್ಟಿ, ಮೌಖಿಕ ಚರಿತ್ರೆಯಾದರೆ ಧ್ವನಿಯ ಪ್ರತಿ ಮತ್ತು ಹತ್ತಿರದ ಶಾಲೆಯಲ್ಲಿ ಇಡಬಹುದಾದ ಪುಸ್ತಿಕೆ, ಕೂಲಿಯ ಅಧ್ಯಯನವಾದರೆ ಸಂಘದವರು ಮನವಿಯೊಂದಿಗೆ ಲಗತ್ತಿಸಬಹುದಾದ ಸಹಿ ಮಾಡಿದ ಸಾರಾಂಶ. ಜನರ ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶ ಬಂದರೂ ಮರಳಿಸಬೇಕು. ಕಾಯಿಲೆಗೆ ಸಮೀಪದ ಕಾರ್ಖಾನೆಯೇ ಕಾರಣವೆಂದು ಎಲ್ಲರೂ ನಂಬಿರುವಾಗ ಮಾದರಿಗಳು ಅದನ್ನು ತೋರಿಸದಿದ್ದರೆ, ಅಧ್ಯಯನ ಏನನ್ನು ಅಳೆಯಿತು, ಏನನ್ನು ಅಳೆಯಲಿಲ್ಲ ಎಂಬುದನ್ನು ಎದುರು ನಿಂತು ವಿವರಿಸಬೇಕಾಗುತ್ತದೆ. ಅದು ಕಷ್ಟದ ಸಭೆ. ವಿಭಾಗದ ಮುಖ್ಯಸ್ಥರು ತಾವೇ ಹೋಗಬೇಕಾದ ಸಭೆಯೂ ಹೌದು, ಸಂಶೋಧನಾ ವಿದ್ಯಾರ್ಥಿಯ ಹೆಗಲಿಗೆ ದಾಟಿಸುವಂಥದ್ದಲ್ಲ.

ಮನ್ನಣೆ, ಹಣ

ಅಮೆರಿಕದ ಶಿಕ್ಷಣತಜ್ಞ ಅರ್ನೆಸ್ಟ್ ಬಾಯರ್ 1990ರಲ್ಲಿ ವಿದ್ವತ್ತನ್ನು ಶೋಧ, ಸಂಯೋಜನೆ, ಅನ್ವಯ, ಬೋಧನೆ ಎಂದು ನಾಲ್ಕಾಗಿ ಕಂಡರು. ಬ್ರಿಟನ್ನಿನ ಸಂಶೋಧನಾ ಮೌಲ್ಯಮಾಪನದಲ್ಲಿ ಆವರಣದ ಹೊರಗಿನ ಪರಿಣಾಮಕ್ಕೆ 2014ರಲ್ಲಿ 20 ಪ್ರತಿಶತ, 2021ರಲ್ಲಿ 25 ಪ್ರತಿಶತ ತೂಕ ದೊರೆಯಿತು. ಹೀಗಿದ್ದರೂ ಬಡ್ತಿಯ ನಿಯಮ ಬದಲಾಗುವವರೆಗೆ ಕಾಯುವುದು ಬೇಡ. ವಿಭಾಗವೇ ಮಾಡಬಹುದಾದುವು ಕೆಲವಿವೆ. ಕ್ಷೇತ್ರದ ಭೇಟಿಯನ್ನು ಬೋಧನಾ ಅವಧಿಯ ಲೆಕ್ಕಕ್ಕೆ ಸೇರಿಸಿ. ಕಿರಿಯ ಅಧ್ಯಾಪಕರು ಬರೆದ ಸ್ಥಳೀಯ ಭಾಷೆಯ ವರದಿಗೆ ಹೊರಗಿನ ತಜ್ಞರೊಬ್ಬರಿಂದ ವಿಮರ್ಶೆ ಪಡೆದು ಅದನ್ನು ಪ್ರಕಟಣೆಯೆಂದು ದಾಖಲಿಸಿ. ಹಣದ ವಿಷಯದಲ್ಲಿ ನನಗೆ ಎರಡು ಮಾತಿಲ್ಲ: ಅಧ್ಯಾಪಕರಿಗೆ ಸಂಬಳ, ಸಂಶೋಧಕರಿಗೆ ಶಿಷ್ಯವೇತನ ಇರುವಾಗ, ದಿನವಿಡೀ ಜೊತೆಗೆ ಅಲೆದು ದಾರಿ ತೋರಿಸಿದ ಸ್ಥಳೀಯರಿಗೆ ಚಹಾ ಕುಡಿಸಿ ಕಳುಹಿಸುವುದು ಅನ್ಯಾಯ. ಆಯವ್ಯಯದಲ್ಲಿ ಅವರ ದಿನದ ದುಡಿಮೆಗೆ ಸಮನಾದ ಮೊತ್ತವನ್ನು ಆರಂಭದಲ್ಲೇ ಬರೆಯಿರಿ. ಲೇಖನದ ಆಲೋಚನೆಯಲ್ಲಿ ಪಾಲಿದ್ದವರ ಹೆಸರನ್ನು, ಅವರು ಒಪ್ಪಿದರೆ, ಲೇಖಕರ ಸಾಲಿನಲ್ಲಿಯೇ ಸೇರಿಸಿ.

ಕೈ ಬದಲಾಗುವಾಗ

ವಿಭಾಗದ ಮುಖ್ಯಸ್ಥರು ಬದಲಾಗುತ್ತಾರೆ, ಅನುದಾನ ಮುಗಿಯುತ್ತದೆ, ಸಂಶೋಧಕರು ಕೆಲಸ ಸಿಕ್ಕಿ ಹೊರಡುತ್ತಾರೆ. ಸಂಬಂಧ ಕಡಿದುಹೋಗುವುದು ಬಹುಮಟ್ಟಿಗೆ ಈ ಹೊತ್ತಿನಲ್ಲಿಯೇ, ಯಾರೂ ಕೆಟ್ಟ ಉದ್ದೇಶ ಇಟ್ಟುಕೊಳ್ಳದೆಯೇ. ಅದಕ್ಕಾಗಿ ಆರಂಭದಲ್ಲಿ ತಯಾರಿಸಿದ ಪಟ್ಟಿಯನ್ನೇ ಮುಂದುವರಿಸಿ ಒಂದು ದಪ್ಪ ರಟ್ಟಿನ ಪುಸ್ತಕವಾಗಿ ಇರಿಸಿಕೊಳ್ಳಿ. ಯಾರನ್ನು ಭೇಟಿಯಾದೆವು, ಏನು ಕೇಳಿದರು, ಏನೆಂದು ಮಾತು ಕೊಟ್ಟೆವು, ಯಾವುದು ಬಾಕಿ ಇದೆ ಎಂಬುದು ಅದರಲ್ಲಿ ದಿನಾಂಕದೊಂದಿಗೆ ಇರಬೇಕು. ಅಧಿಕಾರ ವಹಿಸಿಕೊಡುವ ದಿನ ಬೀರುವಿನ ಕೀಲಿಯ ಜೊತೆಗೆ ಅದನ್ನೂ ಒಪ್ಪಿಸಿ, ತಿಂಗಳೊಳಗೆ ಹಳಬರೂ ಹೊಸಬರೂ ಒಟ್ಟಿಗೆ ಹೋಗಿ ಪಾಲುದಾರರನ್ನು ಕಂಡು ಬರಲಿ. ಕೆಲಸವನ್ನು ನಿಲ್ಲಿಸಲೇಬೇಕಾದ ಸಂದರ್ಭ ಬಂದರೆ ಅದನ್ನೂ ಹೋಗಿಯೇ ಹೇಳಬೇಕು: ಏಕೆ ನಿಲ್ಲಿಸುತ್ತಿದ್ದೇವೆ, ಸಂಗ್ರಹಿಸಿದ್ದು ಎಲ್ಲಿರುತ್ತದೆ, ಮುಂದೆ ಅದನ್ನು ನೋಡಲು ಯಾರನ್ನು ಕೇಳಬೇಕು. ಪುಸ್ತಕದ ಒಂದು ನಕಲು ವಿಭಾಗದಲ್ಲಿಯೂ, ಗುಟ್ಟಿನ ವಿವರಗಳನ್ನು ತೆಗೆದ ಇನ್ನೊಂದು ಪಾಲುದಾರರಲ್ಲಿಯೂ ಇದ್ದರೆ, ಬಾಕಿ ಉಳಿದ ಮಾತನ್ನು ನೆನಪಿಸುವ ಹಕ್ಕು ಅವರ ಕೈಯಲ್ಲಿಯೂ ಇರುತ್ತದೆ.